ದೊಣೆಯಮ್ಮನ ಬೆವರು

ಹೆಸರು ಹೇಳಿದರೆ ಯಾರಿಗೂ ಗುರುತು ಹತ್ತದ, ಹೇಳದೆ ಬಿಟ್ಟರೆ ಎಲ್ಲರಿಗೂ ತಮ್ಮದೇ ಎನ್ನಿಸುವ ಒಂದು ಊರಿತ್ತು. ಊರಿನ ಬೆನ್ನಿಗೆ ಒಂಟಿ ಬಂಡೆಯ ಗುಡ್ಡ. ಗುಡ್ಡದ ಹೊಟ್ಟೆಯಲ್ಲಿ ಒಂದು ದೊಣೆ. ಬಂಡೆಯಲ್ಲಿ ತಾನಾಗಿ ಆದ ನೀರಿನ ಗುಂಡಿಗೆ ಆ ಸೀಮೆಯವರು ದೊಣೆ ಎನ್ನುತ್ತಾರೆ. ಆದರೆ ಈ ದೊಣೆಯ ಒಳಗನ್ನು ಕಂಡವರು ಯಾರೂ ಇರಲಿಲ್ಲ. ಹಿಂದಿನವರು ಅದರ ಮೇಲೆ ಚಪ್ಪಡಿ ಹಾಸಿ, ಗಾರೆ ಮೆತ್ತಿ ಮುಚ್ಚಿಬಿಟ್ಟಿದ್ದರು. ನಡುವೆ ಒಂದೇ ಒಂದು ತೂತು, ಮುಷ್ಟಿ ಹಿಡಿಸುವಷ್ಟು.

ಆ ಊರಿನ ಕಟ್ಟಳೆ ಹೀಗೆ. ಬೆಳಗ್ಗೆ ಎದ್ದು ಸೇದಿದ ಮೊದಲ ಕೊಡ ಮನೆಯದಲ್ಲ, ದೊಣೆಯದು. ಅದು ಗುಡ್ಡ ಹತ್ತಬೇಕು. ಹತ್ತುವ ತನಕ ಊರಿನಲ್ಲಿ ಯಾರೂ ಬಾಯಿ ತೇವ ಮಾಡಿಕೊಳ್ಳುವ ಹಾಗಿಲ್ಲ. ಮಳೆ ಬರಲಿ, ಮಂಜು ಬೀಳಲಿ, ಮನೆಯಲ್ಲಿ ಮದುವೆಯಿರಲಿ, ಸೂತಕವಿರಲಿ, ಮೊದಲ ಕೊಡ ದೊಣೆಯದು.

ಕೊಡಗಳನ್ನು ತರುವವರು ಮನೆಮನೆಯವರು. ಸುರಿಯುವವನು ನೀರುಗಂಟಿ ಒಬ್ಬನೇ. ಅವನು ಸೂರ್ಯ ಹುಟ್ಟುವಾಗ ತೂತಿನ ಪಕ್ಕ ಮಂಡಿಯೂರಿ ಕೂರುತ್ತಿದ್ದ. ಒಬ್ಬೊಬ್ಬರಾಗಿ ಬಂದು ಕೊಡ ಇಳಿಸುತ್ತಿದ್ದರು. ಅವನು ಎತ್ತಿ, ಬಗ್ಗಿಸಿ, "ತಗೋ ತಾಯಿ" ಎಂದು ಸುರಿಯುತ್ತಿದ್ದ. ಎತ್ತಿ, ಬಗ್ಗಿಸಿ, "ತಗೋ ತಾಯಿ." ಎಪ್ಪತ್ತು ಮನೆಯ ಎಪ್ಪತ್ತು ಕೊಡ. ಅವನ ಅಪ್ಪ ಹೀಗೆ ಸುರಿದಿದ್ದ, ಅಜ್ಜ ಸುರಿದಿದ್ದ, ಅಜ್ಜನ ಅಜ್ಜನೂ ಸುರಿದಿದ್ದ. ಎಲ್ಲರ ಬಲಭುಜವೂ ಎಡಭುಜಕ್ಕಿಂತ ಒಂದು ಬೆರಳು ಕೆಳಗೆ ಇಳಿದಿತ್ತು. ಹುಟ್ಟುವ ಗಂಡುಕೂಸಿನ ಬಲಭುಜ ಮುಟ್ಟಿ ನೋಡಿ, ಇವನು ನೀರುಗಂಟಿಯ ವಂಶವೇ ಸೈ ಎಂದು ಸೂಲಗಿತ್ತಿಯರು ತಮಾಷೆ ಮಾಡುತ್ತಿದ್ದರು.

ಗುಡ್ಡದ ಬುಡದಲ್ಲಿ ದೊಣೆಯಮ್ಮ. ಬಂಡೆಯ ಮೈಯಿಂದ ಹೊರಗೆ ಉಬ್ಬಿದ ಒಂದು ಗುಂಡು ಕಲ್ಲು, ಅಷ್ಟೇ. ತಲೆತಲಾಂತರದ ಕುಂಕುಮ, ಅರಿಶಿನ, ಎಣ್ಣೆ ಕೂಡಿ ಅವಳಿಗೆ ಕೆನ್ನೆ ಬಂದಿತ್ತು, ಗಲ್ಲ ಬಂದಿತ್ತು. ಅವಳ ಮೈ ಮುಟ್ಟುವ ಹಾಗಿಲ್ಲ. ಪೂಜಾರಿ ಕೂಡ ಬೇವಿನ ಕಡ್ಡಿಯ ತುದಿಯಲ್ಲಿ ಕುಂಕುಮ ಇಡುತ್ತಿದ್ದ. ಕೈ ಹಾಕಿದವನು ಊರು ಬಿಡಬೇಕು. ಇದು ಎರಡನೆಯ ಕಟ್ಟಳೆ. ಯಾರೂ ಕೈ ಹಾಕಿರಲಿಲ್ಲವಾಗಿ ಯಾರೂ ಊರು ಬಿಟ್ಟಿರಲಿಲ್ಲ.

ಯಾಕೆ ಸುರಿಯುತ್ತೇವೆ ಎಂದು ನೀರುಗಂಟಿ ಚಿಕ್ಕವನಿದ್ದಾಗ ಒಮ್ಮೆ ಅಪ್ಪನನ್ನು ಕೇಳಿದ್ದ. "ಬರ ಬಂದೀತು ಅಂತ" ಎಂದಿದ್ದ ಅಪ್ಪ. "ಬಂದರೆ?" ಎಂದರೆ, "ಸುರೀತಾ ಇದ್ರೆ ಬರಲ್ಲ" ಎಂದಿದ್ದ. ಅಪ್ಪನಿಗೆ ಅವನ ಅಪ್ಪ ಹೇಳಿದ್ದೂ ಅಷ್ಟೇ ಇರಬೇಕು. ಏಳು ತಲೆಮಾರು ಮಳೆ ತಪ್ಪಿರಲಿಲ್ಲ. ಸುರಿಯುವುದು ಎಲ್ಲರಿಗೂ ಗೊತ್ತಿತ್ತು. ಅದರಾಚೆ ಏನಾದರೂ ಇದ್ದಿದ್ದರೆ, ಅದನ್ನು ಹೇಳಿಕೊಡುವ ಜರೂರು ಯಾರಿಗೂ ಬಿದ್ದಿರಲಿಲ್ಲ.

ನೀರುಗಂಟಿಗೆ ಅರವತ್ತು ತುಂಬಿದ ವರ್ಷ ಮಳೆ ಬರಲಿಲ್ಲ.

ಮೋಡಗಳು ಬಂದವು. ಊರಿನ ಮೇಲೆ ಹಾದುಹೋದವು. ಆದರೆ ಅವುಗಳ ನೆರಳು ನೆಲಕ್ಕೆ ಬೀಳಲಿಲ್ಲ. ಎರಡನೆಯ ವರ್ಷ ಮೋಡಗಳೂ ದಾರಿ ಬದಲಿಸಿದವು. ಕೆರೆ ಮೊದಲು ಬಟ್ಟಲಾಯಿತು, ಆಮೇಲೆ ತಟ್ಟೆಯಾಯಿತು, ಆಮೇಲೆ ಸೀಳುಸೀಳಾದ ಹಿಮ್ಮಡಿಯಾಯಿತು. ಮಕ್ಕಳು ಕನಸಿನಲ್ಲಿ ನೀರು ಕುಡಿದು, ಎದ್ದು ತೇಗುತ್ತಿದ್ದವು. ಮೂರನೆಯ ವರ್ಷಕ್ಕೆ ಊರಿನಲ್ಲಿ ಉಳಿದದ್ದು ಒಂದೇ ಬಾವಿ. ಅದರ ತಳದಲ್ಲಿ ರಾತ್ರಿಯಿಡೀ ಒಸರಿದ್ದನ್ನು ಬೆಳಗ್ಗೆ ಬಳಿದು ತೆಗೆಯಬೇಕು.

ಆದರೂ ಮೊದಲ ಕೊಡ ದೊಣೆಯದು. ಮನೆಗೊಂದು ಎಂದಿದ್ದದ್ದು ಬೀದಿಗೊಂದಾಯಿತು. ಬೀದಿಗೊಂದು ಎಂದಿದ್ದದ್ದು ಊರಿಗೊಂದಾಯಿತು. ಊರಿಗೊಂದು ಕೊಡವನ್ನು ನೀರುಗಂಟಿ ತಾನೇ ಹೊತ್ತು, ಒಣಗಿದ ಬಾಯಿಗಳ ನಡುವೆ ಹಾದು, ಗುಡ್ಡ ಹತ್ತಿ ಸುರಿದು ಬರುತ್ತಿದ್ದ. ಬಾಗಿಲುಗಳಲ್ಲಿ ನಿಂತವರು ಕೊಡ ನೋಡುತ್ತಿದ್ದರು, ಆಮೇಲೆ ಕೈ ಮುಗಿಯುತ್ತಿದ್ದರು. ಬರ ಬಾರದಿರಲೆಂದು ಕೂಡಿಸಿದ್ದಕ್ಕೆ ಬರದ ನಡುವೆಯೂ ಕೂಡಿಸುತ್ತಿದ್ದೇವೆ ಎಂದು ಯಾರ ಮನಸ್ಸಿಗೂ ಬರಲಿಲ್ಲ. ಬಂದಿದ್ದರೂ ಯಾರೂ ಬಾಯಿಗೆ ತಂದುಕೊಳ್ಳಲಿಲ್ಲ.

ಇಂಥ ಹೊತ್ತಿನಲ್ಲಿ ನೀರುಗಂಟಿಯ ಮಗಳು ಬಾಣಂತನಕ್ಕೆ ತವರಿಗೆ ಬಂದಳು. ಹೆರಿಗೆಯಾಯಿತು. ಕೂಸಿಗೆ ಒಂಬತ್ತು ದಿನವಾದಾಗ ಊರ ಯಜಮಾನ ಎಲ್ಲರನ್ನೂ ಕರೆಸಿದ.

"ನಾಳೆ ಬೆಳಗ್ಗೆ ಊರು ಬಿಡೋಣ" ಎಂದ ಯಜಮಾನ. "ಕೆಂಪು ಬಯಲು ದಾಟಿದ್ರೆ ಹೊಳೆ ಇದೆ ಅಂತಾರೆ. ಎರಡು ಹಗಲಿನ ದಾರಿ. ನಡುವೆ ಒಂದು ಮರ ಇಲ್ಲ. ನಡೆಯೋರು ನಡೀರಿ. ನಡೆಯಕ್ಕಾಗದೆ ಇರೋರು..."

ಅವನು ಆ ಮಾತನ್ನು ಮುಗಿಸಲಿಲ್ಲ. ಯಾರೂ ಮುಗಿಸಿಕೊಡಲಿಲ್ಲ. ಎಲ್ಲರೂ ನೀರುಗಂಟಿಯ ಕಡೆ ನೋಡದ ಹಾಗೆ ನೋಡಿದರು.

ಮರುದಿನ ಬೆಳಗ್ಗೆ ಗಂಟುಮೂಟೆಗಳು ಬೀದಿಗೆ ಬಂದಿದ್ದವು. ನೀರುಗಂಟಿ ಬಾವಿಗೆ ಹೊರಟಾಗ ಅವನ ಹೆಂಡತಿ ಹೊಸಿಲ ಮೇಲೆ ಕೂತಿದ್ದಳು. ಒಳಗೆ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎದೆಯಲ್ಲಿ ಹಾಲು ಬತ್ತಿ ಎರಡು ದಿನವಾಗಿತ್ತು. ಕೂಸು ಅಳುವುದನ್ನೂ ಬಿಟ್ಟಿತ್ತು.

"ಇವತ್ತೂ ಹೊರ್ತೀರೇನು?" ಎಂದಳು ಹೆಂಡತಿ.

"ಹೊರ್ಬೇಕಲ್ಲ."

"ಊರೇ ಹೋಗ್ತಾ ಇದೆ."

"ಊರು ಹೋಗೋ ದಿನಾನೂ ಒಂದು ಬೆಳಗ್ಗೆ ತಾನೇ. ಮೊದಲ ಕೊಡ ಇರುತ್ತೆ."

"ನಿಮ್ಮ ಆ ತಾಯಿ ಬಾಯಾರಿಕೆ ಅಂತ ಒಂದು ದಿನವಾದ್ರೂ ಹೇಳಿದ್ಲಾ? ಇಲ್ಲಿ ಮಲಗಿದಾಳಲ್ಲ, ಇವಳು ಹೇಳ್ತಿದಾಳೆ. ರಾತ್ರಿಯಿಂದ ಹೇಳ್ತಿದಾಳೆ. ಇವಳ ಮಾತು ನಿಮ್ಮ ಕಿವಿಗೆ ಬೀಳಲ್ಲ. ಅವಳು ಹೇಳದೆ ಇದ್ದದ್ದು ಬೀಳುತ್ತೆ."

ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ, ಅವಳು ಕೋಪದಲ್ಲಿ ಆಡಿದ್ದು ಯಾವುದು, ದಣಿದು ಆಡಿದ್ದು ಯಾವುದು ಎಂದು ಅವನಿಗೆ ತಿಳಿಯುತ್ತಿತ್ತು. ಇದು ದಣಿದು ಆಡಿದ್ದು. ಕೋಪವಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಬಾವಿಯ ಕಟ್ಟೆಯ ಮೇಲೆ ಕುಂಬಾರಗಿತ್ತಿ ಕೂತಿದ್ದಳು. ಒಳಗೆ ಇಳಿದವರು ಬಳಿದು ಬಳಿದು ಒಂದು ಕೊಡ ಮೇಲೆ ಕಳಿಸಿದ್ದರು. ಎರಡನೆಯದಕ್ಕೆ ಬರೀ ಕೆಸರು ಬಂದಿತ್ತು.

"ತಗೋ ಅಣ್ಣಯ್ಯ, ಮೊದಲನೇದು" ಎಂದಳು ಅವಳು. "ಕೊನೇದೂ ಇದೇ. ನನ್ನ ತಿಗರಿ ತಿರುಗಿ ಮೂರು ವರ್ಷ ಆಯ್ತು. ಮಣ್ಣು ಕಲೆಸೋಣ ಅಂದ್ರೆ ಬಾಯಲ್ಲಿ ಉಗುಳೂ ಇಲ್ಲ. ಹೋಗು, ಅಮ್ಮನಿಗೆ ಸುರಿದು ಬಾ. ನಾವು ಕೈ ಮುಗಿದು ಹೊರಡ್ತೀವಿ."

"ನೀನೂ ಹೋಗ್ತೀಯಾ ತಂಗಿ?"

"ಹೋಗದೆ? ಇಲ್ಲಿ ಕೂತು ಗಡಿಗೆಗಳ ಜೊತೆ ಮಾತಾಡ್ಲಾ? ಅವೂ ಖಾಲಿ, ನಾನೂ ಖಾಲಿ. ಇಬ್ಬರಿಗೂ ಬೇಜಾರು." ಅವಳು ಅವನ ಮುಖ ನೋಡಿ ದನಿ ತಗ್ಗಿಸಿದಳು. "ಮಗಳನ್ನ ಹೊತ್ಕೊಂಡು ಹೋಗೋಣ ಅಂದ್ರೆ ಯಾರ ಹೆಗಲಲ್ಲೂ ಬಲ ಇಲ್ಲ ಅಣ್ಣಯ್ಯ. ಸಿಟ್ಟು ಮಾಡ್ಕೋಬೇಡ."

ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ಕೊಡ ಎತ್ತಿ ಬಲಭುಜದ ಮೇಲಿಟ್ಟ. ಬೀದಿಯ ಉದ್ದಕ್ಕೂ ಜನ ಗಂಟುಗಳ ಪಕ್ಕದಲ್ಲಿ ನಿಂತಿದ್ದರು. ಕೊಡ ಹಾದುಹೋಗುವಾಗ ಒಬ್ಬ ಮುದುಕಿಯ ಕತ್ತು ಅದರ ಜೊತೆಗೇ ತಿರುಗಿತು. ತಾನು ತಿರುಗಿದ್ದು ತಿಳಿದು ಅವಳು ಕೆನ್ನೆ ಬಡಿದುಕೊಂಡಳು.

ಗುಡ್ಡದ ಅರ್ಧದಲ್ಲಿ ಅವನು ಕೂತ. ಎಂದೂ ಕೂತವನಲ್ಲ. ಕೂತು ಕೊಡದೊಳಗೆ ನೋಡಿದ. ಮಗಳಿಗೆ ಒಂದು ಬೊಗಸೆ ಸಾಕು. ಒಂದು ಬೊಗಸೆ ಕಡಿಮೆಯಾದರೆ ಯಾರಿಗೆ ಗೊತ್ತಾಗುತ್ತದೆ? ತನಗೆ ಗೊತ್ತಾಗುತ್ತದೆ. ಒಂದು ಬೊಗಸೆಯಿಂದ ಒಂದು ಹಗಲು ದಾಟೀತು. ನಾಳೆ? ಅವನು ಎದ್ದ. ಹತ್ತಿದ.

ತೂತಿನ ಪಕ್ಕ ಮಂಡಿಯೂರಿದ. ಎತ್ತಿದ, ಬಗ್ಗಿಸಿದ. "ತಗೋ ತಾಯಿ" ಎಂದ. ದನಿ ಹೊರಡಲಿಲ್ಲ, ತುಟಿ ಮಾತ್ರ ಆಡಿತು. ಕೊಡ ಖಾಲಿಯಾಯಿತು.

ಸುರಿದವನು ತಿರುಗಿ ನೋಡದೆ ಇಳಿಯಬೇಕು. ಅವನಿಗೆ ಏಳಲಾಗಲಿಲ್ಲ. ಅಲ್ಲೇ ಚಪ್ಪಡಿಯ ಮೇಲೆ ಕೆನ್ನೆಯಿಟ್ಟು ಮಲಗಿದ. ಕಣ್ಣು ಮುಚ್ಚಿದರೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಸತ್ತ ಅವ್ವ ಕಂಡಳು. ಹಳೆಯ ಅಡಿಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದಳು. ಎಲ್ಲರೂ ಉಂಡು ಎದ್ದಿದ್ದರು. ಹೊಲದಿಂದ ಬಾರದ ಒಬ್ಬನಿಗಾಗಿ ಅವಳು ಒಂದು ತಟ್ಟೆ ಮುಚ್ಚಿಟ್ಟಿದ್ದಳು. ಮುದ್ದೆ, ಸಾರು, ಮೇಲೊಂದು ಬೋಗುಣಿ. ಹೊತ್ತು ಮೀರಿ ಅವನು ಬಂದ. ಬಂದವನು ತಾನೇ ಎಂದು ನೀರುಗಂಟಿಗೆ ಗೊತ್ತಾಯಿತು. ಹಸಿದು ಬಂದಿದ್ದ. ಅವನು ಆ ತಟ್ಟೆಯ ಮುಂದೆ ನಿಂತು ಕೈ ಮುಗಿದ. ಬೋಗುಣಿಗೆ ಕುಂಕುಮ ಇಟ್ಟ. ಒಂದು ಹೂವು ಇಟ್ಟ. ಅಡ್ಡಬಿದ್ದ.

ಅವ್ವ ಅವನನ್ನೇ ನೋಡುತ್ತಿದ್ದಳು. "ಏನ್ ಮಾಡ್ತಿದೀಯ ಮಗ?" ಎಂದಳು. "ಯಾರಿಗೆ ಮುಚ್ಚಿಟ್ಟೆ ಅಂದ್ಕೊಂಡೆ?"

ನೀರುಗಂಟಿ ಕಣ್ಣು ಬಿಟ್ಟ. ಬಿಸಿಲು ಚಪ್ಪಡಿಯ ಮೇಲೆ ಆಗಲೇ ಕಾಯುತ್ತಿತ್ತು. ಕೆನ್ನೆಯ ಕೆಳಗೆ ಮಾತ್ರ ಕಲ್ಲು ತಣ್ಣಗಿತ್ತು.

ಅವನು ತೂತಿಗೆ ಕೈ ಹಾಕಿ ನೋಡಿದ. ಮೊಣಕೈ ತನಕ ಹೋಗಿ ಸಿಕ್ಕಿಕೊಂಡಿತು. ಬೆರಳ ತುದಿಗೆ ಬರೀ ತಂಪು ತಾಗಿತು. ಇದು ಸುರಿಯುವ ಬಾಯಿ, ಸೇದುವ ಬಾಯಿಯಲ್ಲ. ಇಷ್ಟು ಕಷ್ಟಪಟ್ಟು ಮುಚ್ಚಿಟ್ಟವರು ಬಡಿಸುವ ದಾರಿಯನ್ನೂ ಎಲ್ಲಾದರೂ ಇಟ್ಟಿರಬೇಕು.

ಇಳಿದು ಬಂದು ಅವನು ದೊಣೆಯಮ್ಮನ ಮುಂದೆ ನಿಂತ. ಮೂರು ವರ್ಷದ ಬಿಸಿಲಿಗೆ ಊರಿನ ಎಲ್ಲ ಕಲ್ಲುಗಳೂ ಸುಣ್ಣದಂತೆ ಬೆಳ್ಳಗಾಗಿದ್ದವು. ಅವಳು ಮಾತ್ರ ಒದ್ದೆಯಾಗಿದ್ದಳು. ಕುಂಕುಮದ ಬಿರುಕುಗಳಲ್ಲಿ ಸಣ್ಣ ಹನಿಗಳು ಕೂತಿದ್ದವು. ನಮ್ಮ ಕಷ್ಟಕ್ಕೆ ತಾಯಿ ಬೆವರುತ್ತಿದ್ದಾಳೆ ಎಂದು ಪೂಜಾರಿ ಎಲ್ಲರಿಗೂ ತೋರಿಸಿದ್ದ, ಎಲ್ಲರೂ ಅತ್ತಿದ್ದರು. ಒಂದು ಜೇನುನೊಣ ಅವಳ ಗಲ್ಲದ ಮೇಲೆ ಕೂತು ಕುಡಿಯುತ್ತಿತ್ತು. ಅದಕ್ಕೆ ಯಾವ ಕಟ್ಟಳೆಯೂ ಇರಲಿಲ್ಲ.

ಅವನಿಗೆ ತಿಳಿಯಿತು. ತಿಳಿಯಿತು ಅನ್ನುವುದಕ್ಕಿಂತ, ತಿಳಿಯದ ಹಾಗೆ ಇರುವುದಕ್ಕೆ ಇನ್ನು ಅವನಲ್ಲಿ ಬಲ ಉಳಿದಿರಲಿಲ್ಲ.

ಮನೆಗೆ ಹೋಗಿ ಹಾರೆಗೋಲು ತಂದ. ಕಲ್ಲಿನ ಮುಂದೆ ಉದ್ದಂಡ ಬಿದ್ದು, ಎದ್ದು, "ಊರು ಬಿಡ್ತೀನಿ ತಾಯಿ. ಒಬ್ಬನೇ ಬಿಡ್ತೀನಿ" ಎಂದ. ಅವಳ ಕತ್ತಿನ ಸಂದಿಗೆ ಹಾರೆ ಇಟ್ಟು ಮೀಟಿದ. ಕುಂಕುಮ ಚಕ್ಕೆಚಕ್ಕೆಯಾಗಿ ಉದುರಿತು. ಒಳಗೆ ಹಳೆಯ ಗಾರೆ, ಗಾರೆಯೊಳಗೆ ಕೊಳೆತ ನಾರು. ಅವನು ಅದನ್ನು ಬೆರಳಲ್ಲಿ ಎಳೆದು ನೋಡಿದ. ಬಿರಡೆ ಬಿಗಿಯಾಗಲೆಂದು ಸುತ್ತಿದ ನಾರು ಅದು. ದೇವರಿಗೆ ಯಾರೂ ನಾರು ಸುತ್ತುವುದಿಲ್ಲ.

ಅವನು ಹಾರೆ ಬಿಟ್ಟು ಎರಡೂ ಕೈಯಿಂದ ತಾಯಿಯನ್ನು ತಬ್ಬಿ ಎಳೆದ.

ಮೊದಲು ಬಂದದ್ದು ಕೆಂಪು. ಏಳು ತಲೆಮಾರಿನ ಕುಂಕುಮ ಕರಗಿ, ಅವನ ಎದೆಯ ಮೇಲೆ, ತೊಡೆಯ ಮೇಲೆ ಹರಿಯಿತು. ಕಲ್ಲು ಅವನ ಮಡಿಲಿಗೆ ಬಿತ್ತು. ಹಿಂದೆಯೇ ನೀರು ಬಂತು. ತಂಪು, ಕತ್ತಲೆಯ ವಾಸನೆಯ ನೀರು, ಕೊಡ ಹಿಡಿಸುವಷ್ಟು ಬಾಯಿಂದ ದುಮುಕಿತು.

ಸದ್ದಿಗೆ ಊರು ಓಡಿಬಂತು. ಕೆಂಪು ಕಂಡು ನಿಂತಿತು. ಪೂಜಾರಿ ಮುಂದೆ ಬಂದ. ಉಪವಾಸದಿಂದ ಅವನ ಎಲುಬುಗಳನ್ನು ಎಣಿಸಬಹುದಿತ್ತು. ತನ್ನ ಪಾಲಿನ ನೀರನ್ನೂ ಅವನು ಅಮ್ಮನ ಎಡೆಗೆ ಇಡುತ್ತಿದ್ದವನು.

"ಏನ್ ಮಾಡ್ಬಿಟ್ಟೆ ಕಣಪ್ಪ" ಎಂದ ಅವನು, ಮೆಲ್ಲಗೆ. "ಅಮ್ಮನ್ನ ಕಿತ್ತು ಮಡಿಲಲ್ಲಿ ಇಟ್ಕೊಂಡು ಕೂತಿದೀಯಲ್ಲ."

"ಅಮ್ಮ ಒಳಗಿದಾಳೆ ಪೂಜಾರಪ್ಪ" ಎಂದ ನೀರುಗಂಟಿ. "ಇದು ಅವಳು ನಮಗೆ ಅಂತ ಮುಚ್ಚಿಟ್ಟಿದ್ದರ ಮುಚ್ಚಳ."

ಯಾರೂ ಕುಡಿಯಲಿಲ್ಲ. ನೀರು ಅವರ ಕಾಲಬುಡಕ್ಕೆ ಬಂತು, ಅವರು ಹಿಂದೆ ಸರಿದರು. ಆಗ ಕುಂಬಾರಗಿತ್ತಿ ಗುಂಪಿನಿಂದ ಹೊರಗೆ ಬಂದು, ಮಂಡಿಯೂರಿ, ದನದ ಹಾಗೆ ಬಾಯಿ ಹಚ್ಚಿ ಕುಡಿದಳು. ತಲೆಯೆತ್ತಿ ಉಸಿರು ಬಿಟ್ಟಳು. ಎಲ್ಲರೂ ಅವಳು ಸಾಯುವುದನ್ನು ಕಾಯುತ್ತಿದ್ದರು. ಅವಳು ಮತ್ತೆ ಬಗ್ಗಿದಳು. ಅಷ್ಟೇ ಸಾಕಾಯಿತು. ಊರು ನೀರಿಗೆ ಬಿತ್ತು.

ಕುಡಿದ ಮೇಲೆ ಜನಕ್ಕೆ ಕಟ್ಟಳೆ ನೆನಪಾಯಿತು. ಎಲ್ಲರೂ ಯಜಮಾನನ ಕಡೆ ನೋಡಿದರು. ಯಜಮಾನ ಗಡ್ಡದಿಂದ ನೀರು ಒರೆಸಿಕೊಂಡ.

"ಬೇಜಾರು ಮಾಡ್ಕೋಬೇಡಪ್ಪ" ಎಂದ ನೀರುಗಂಟಿಗೆ. "ಕೈ ಹಾಕಿದೋನು ಊರು ಬಿಡ್ಬೇಕು. ಇದನ್ನ ನಾನು ಮಾಡಿದ್ದಲ್ಲ."

"ಬಿಡ್ತೀನಿ ಯಜಮಾನ್ರೇ. ಮಗಳು ಮೊಮ್ಮಗು ಇಲ್ಲಿರ್ಲಿ. ಅದೊಂದು ಮಾತು ಕೊಡಿ."

"ಇರ್ಲಿ. ಆದ್ರೆ ಪ್ರಾಯಶ್ಚಿತ್ತ ಏನು, ಶಾಂತಿ ಹೆಂಗೆ ಮಾಡ್ಬೇಕು, ಯಾವ ವಾರ..."

"ಯಜಮಾನ್ರೇ" ಎಂದಳು ಕುಂಬಾರಗಿತ್ತಿ. "ವಾರ ಆಮೇಲೆ ನೋಡಿ. ನೀರು ಹೋಗ್ತಾ ಇದೆ."

ಎಲ್ಲರೂ ತಿರುಗಿದರು. ನೀರು ಬೀದಿ ದಾಟಿತ್ತು. ಕೆಂಪು ಬಯಲಿನ ಕಡೆ ಇಳಿಯುತ್ತಿತ್ತು. ಬಯಲು ಅದನ್ನು ಕುಡಿಯುತ್ತಿತ್ತು, ಸದ್ದಿಲ್ಲದೆ, ಎಷ್ಟು ಕೊಟ್ಟರೂ ಅಷ್ಟನ್ನೂ. ಏಳು ತಲೆಮಾರಿನ ಬೆಳಗುಗಳು ಬಯಲಿಗೆ ಹೋಗುತ್ತಿದ್ದವು.

ನೀರುಗಂಟಿ ಕಲ್ಲನ್ನೆತ್ತಿ ಬಾಯಿಗೆ ಒತ್ತಿದ. ನೀರು ಅವನನ್ನೂ ಕಲ್ಲನ್ನೂ ಒದ್ದು ಕೆಡವಿತು. ಮತ್ತೆ ಎದ್ದ. ಮತ್ತೆ ಕೆಡವಿತು. ಅವನು ತೆಗೆಯುವುದನ್ನು ಮಾತ್ರ ಯೋಚಿಸಿದ್ದ, ಮುಚ್ಚುವುದನ್ನು ಯೋಚಿಸಿರಲಿಲ್ಲ. ಕೆಸರಿನಲ್ಲಿ ಕೂತು ಅವನು ಊರನ್ನು ನೋಡಿದ.

"ಒಬ್ಬನ ಕೈಲಿ ಆಗಲ್ಲ" ಎಂದ.

ಯಾರೂ ಅಲುಗಲಿಲ್ಲ. ಎಲ್ಲರ ಕೈಗಳೂ ಬೆನ್ನ ಹಿಂದೆ ಹೋಗಿದ್ದವು. ನೀರು ಹೋಗುತ್ತಿತ್ತು. ಒಂದು ಮನೆಯ ಒಂದು ತಿಂಗಳ ನೀರು ಹೋಯಿತು. ಇನ್ನೊಂದು ಮನೆಯ ಒಂದು ತಿಂಗಳು ಹೋಯಿತು.

ಮೊದಲು ಬಂದವನು ಪೂಜಾರಿ. ಅವನ ಮುಖದಲ್ಲಿ ಧೈರ್ಯವೇನೂ ಇರಲಿಲ್ಲ, ಅಳುವ ಮಗುವಿನ ಮುಖ ಅದು. ಹೆಗಲ ಮೇಲಿನ ಮಡಿವಸ್ತ್ರ ತೆಗೆದು ಕಲ್ಲಿಗೆ ಸುತ್ತಿದ. ನಲವತ್ತು ವರ್ಷ ಕಡ್ಡಿಯ ತುದಿಯಲ್ಲಿ ಮುಟ್ಟಿದವಳನ್ನು ಎರಡು ಅಂಗೈಯಲ್ಲಿ ಹಿಡಿದ. "ತೂಕ ಇದಾಳೆ" ಎಂದ, ತನಗೆ ತಾನೇ. ಆಮೇಲೆ ಯಜಮಾನ ಬಂದ. ಆಮೇಲೆ ಕೆನ್ನೆ ಬಡಿದುಕೊಂಡ ಮುದುಕಿ ಬಂದಳು. ಹತ್ತು ಕೈ, ಇಪ್ಪತ್ತು ಕೈ. ಕಲ್ಲಿಗೆ ಕೈ ಎಟುಕದವರು ಮುಂದಿನವರ ಬೆನ್ನಿಗೆ ಕೈ ಕೊಟ್ಟು ಒತ್ತಿದರು. ಕಲ್ಲು ಬಾಯಿಗೆ ಕೂತಿತು. ಕುಂಬಾರಗಿತ್ತಿ ಮೂರು ವರ್ಷದ ಮೇಲೆ ಮಣ್ಣು ಕಲೆಸಿದಳು. ಸಂದಿಗೆಲ್ಲ ಮೆತ್ತಿದಳು. ಒಂದು ಕಡೆ ಬಿದಿರಿನ ತುಂಡೊಂದನ್ನು ಸಿಕ್ಕಿಸಿ, ಅದರ ಬಾಯಿಗೆ ಬಟ್ಟೆ ತುರುಕಿದಳು. ಬಟ್ಟೆ ಸಡಿಲಿಸಿದರೆ ಬೆರಳಿನಷ್ಟು ದಪ್ಪ ನೀರು, ಬಿಗಿದರೆ ಇಲ್ಲ.

ಎಲ್ಲರೂ ಕೆಸರಿನಲ್ಲಿ ನಿಂತರು. ಅಂಗೈಗಳು ಕೆಂಪಗಿದ್ದವು.

"ಕೈ ಹಾಕಿದೋರು ಊರು ಬಿಡ್ಬೇಕು" ಎಂದ ಯಜಮಾನ, ಅಭ್ಯಾಸದಿಂದ. ಆಮೇಲೆ ತನ್ನ ಕೈ ನೋಡಿಕೊಂಡ.

"ಹಂಗಾದ್ರೆ ಊರಲ್ಲಿ ಅಮ್ಮ ಒಬ್ಬಳೇ ಉಳೀತಾಳೆ" ಎಂದ ಪೂಜಾರಿ.

"ಪಾಪ, ಅವಳಿಗೆ ನೀರು ಹೊರೋರು ಯಾರು ಆಮೇಲೆ" ಎಂದಳು ಕುಂಬಾರಗಿತ್ತಿ. ಯಾರೋ ನಕ್ಕರು. ಒಡೆದ ತುಟಿಗೆ ನಗು ಉರಿದು, ನಕ್ಕವರೇ ಹಾ ಎಂದರು.

ಗಂಟುಗಳು ಬೀದಿಯಿಂದ ಒಳಗೆ ಹೋದವು. ಇನ್ನು ಹೇಗೆ ಎಂದು ಜನ ನೀರುಗಂಟಿಯನ್ನು ಕೇಳಿದರು. ಅವನಿಗೂ ಗೊತ್ತಿರಲಿಲ್ಲ. ಒಳಗೆ ಎಷ್ಟು ಉಳಿದಿದೆಯೋ ಯಾರು ಕಂಡವರು. ಅರ್ಧ ಬಯಲಿಗೆ ಹೋಗಿರಬಹುದು. ಮನೆಗೊಂದು ಕೊಡ, ದಿನಕ್ಕೊಂದು ಸಲ, ಮಳೆ ಬರುವ ತನಕ ಎಂದ. ಬಟ್ಟೆ ಸಡಿಲಿಸುವ ಕೈ ದಿನಕ್ಕೊಂದು ಮನೆಯದು ಎಂದ. ಮಕ್ಕಳೆಲ್ಲ ನಿಂತು ನೋಡಲಿ. ಮಳೆ ಬಂದ ಮೇಲೆ ಮತ್ತೆ ಗುಡ್ಡ ಹತ್ತೋಣ, ಆದರೆ ಸುರಿಯುವುದನ್ನು ಕಲಿಸಿದ ಬಾಯಲ್ಲೇ ತೆಗೆಯುವುದನ್ನೂ ಕಲಿಸೋಣ. ಇಷ್ಟು ಹೇಳುವಷ್ಟರಲ್ಲಿ ಅವನಿಗೆ ಸಾಕಾಗಿತ್ತು. ಪೂಜಾರಿ ಅವನ ತೋಳು ಹಿಡಿದು ಎಬ್ಬಿಸಿದ.

ಅವನು ತನ್ನ ಮನೆಯ ಕೊಡವನ್ನು ಎಡಭುಜದ ಮೇಲೆ ಹೊತ್ತು ಮನೆಗೆ ಬಂದ. ಹೆಂಡತಿ ಕೊಡ ಇಳಿಸಿಕೊಂಡು, ಚೊಂಬು ತುಂಬಿ, ಬೆರಳು ಅದ್ದಿ ಕೂಸಿನ ಬಾಯಿಗಿಟ್ಟಳು. ಅದು ಚೀಪಿತು. ಮಗಳನ್ನು ಗೋಡೆಗೆ ಒರಗಿಸಿ ಕೂರಿಸಿದರು. ಅವಳು ಮೊದಲ ಗುಟುಕನ್ನು ಬಾಯಲ್ಲೇ ಬಹಳ ಹೊತ್ತು ಇಟ್ಟುಕೊಂಡಳು, ನುಂಗುವುದು ಹೇಗೆಂದು ಮರೆತವಳ ಹಾಗೆ. ಆಮೇಲೆ ಕುಡಿದಳು. ಕುಡಿಯುತ್ತ ಕುಡಿಯುತ್ತ ಅರ್ಧದಲ್ಲಿ ನಿಲ್ಲಿಸಿ, ಅಪ್ಪನ ಕೆಂಪು ಮೈಯನ್ನೂ ಒಣ ತುಟಿಯನ್ನೂ ನೋಡಿದಳು.

"ಅಪ್ಪ, ನೀನು ಕುಡಿದ್ಯಾ?" ಎಂದಳು.

ನೀರುಗಂಟಿ ಯೋಚಿಸಿದ. ಎದೆಯ ಮೇಲೆ ಹರಿದದ್ದು ನೆನಪಿತ್ತು, ಕೆಡವಿದ್ದು ನೆನಪಿತ್ತು, ಊರೆಲ್ಲ ಬಗ್ಗಿದ್ದು ನೆನಪಿತ್ತು. ತಾನು ಬಾಯಿಗೆ ತಂದುಕೊಂಡದ್ದು ಎಷ್ಟು ನೆನೆದರೂ ನೆನಪಾಗಲಿಲ್ಲ.

ಮಗಳು ಚೊಂಬನ್ನು ಅವನ ಕಡೆ ನೀಡಿದಳು. ಅವನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ.